ಮೂವತ್ತೆಂಟು ಜನ ನೋಡಿದರಂತೆ

ಕಳೆದ ವರ್ಷದ ಮಾರ್ಚಿನಿಂದ ಒಂದು ಸಂಖ್ಯೆ ನನ್ನ ಬೆನ್ನು ಬಿಟ್ಟಿಲ್ಲ. ನ್ಯೂಜೆರ್ಸಿಯ ಹೈಸ್ಕೂಲೊಂದರಲ್ಲಿ ಆಗ ಹನ್ನೊಂದನೆಯ ತರಗತಿಯಲ್ಲಿದ್ದ ನನ್ನ ಮಗಳು ಸೈಕಾಲಜಿ ತರಗತಿಗಾಗಿ ಎಂಟು ಪುಟಗಳ ಪ್ರಬಂಧವೊಂದನ್ನು ಬರೆಯಬೇಕಿತ್ತು. ಕಣ್ಣೆದುರು ಅನಾಹುತ ನಡೆಯುವಾಗ ಸುತ್ತ ಇರುವವರ ಸಂಖ್ಯೆ ಹೆಚ್ಚಾದಷ್ಟೂ ಅವರಲ್ಲಿ ಒಬ್ಬೊಬ್ಬರೂ ಸಹಾಯಕ್ಕೆ ಮುಂದಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಎನ್ನುವ, ‘ಬೈಸ್ಟ್ಯಾಂಡರ್ ಎಫೆಕ್ಟ್’ ಎಂದು ಹೆಸರಾದ ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು. ಕನಿಷ್ಠ ಆರು ಆಕರಗಳಿರಬೇಕು, ಅವುಗಳಲ್ಲಿ ಮೂರಾದರೂ ತಜ್ಞರ ಪರಿಶೀಲನೆಗೆ ಒಳಪಟ್ಟು ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾಗಿರಬೇಕು, ವಿಕಿಪೀಡಿಯ ಕೂಡದು, ಉಲ್ಲೇಖಗಳೆಲ್ಲ ಎಪಿಎ, ಅಂದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ, ಬರವಣಿಗೆ ಕೈಪಿಡಿಯ ಏಳನೆಯ ಆವೃತ್ತಿಯ ಕ್ರಮದಲ್ಲಿರಬೇಕು ಎಂಬುದು ಟೀಚರ್ ಹಾಕಿದ್ದ ಷರತ್ತು. ಮಗಳ ಕರಡಿನ ಮೊದಲ ವಾಕ್ಯ ಹೀಗಿತ್ತು: 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ಯುವತಿಯನ್ನು ಒಬ್ಬ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಟ್ಟಾಡಿಸಿ ಇರಿದು ಕೊಂದಾಗ 38 ಮಂದಿ ನೆರೆಹೊರೆಯವರು ಕಿಟಕಿಯಲ್ಲಿ ನಿಂತು ನೋಡಿದರು, ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ವಾಕ್ಯದ ಕೊನೆಗೆ, ಕಂಸದೊಳಗೆ, ಅವಳ ಪಠ್ಯಪುಸ್ತಕದ ಲೇಖಕರ ಹೆಸರು ಮತ್ತು ವರ್ಷ.

ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅಮ್ಮ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಮೊಮ್ಮಗಳು ತನಗೆ ಬರುವಷ್ಟು ಕನ್ನಡದಲ್ಲಿ ಕಥೆಯನ್ನು ಹೇಳಿ ಮುಗಿಸಿದಾಗ ಅಮ್ಮ ಅಯ್ಯೋ ಪಾಪ ಎಂದರು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾರ್ಚ್ ತಿಂಗಳಲ್ಲಿ ಇಲ್ಲಿ ಯಾರು ಕಿಟಕಿ ತೆಗೆದಿರ್ತಾರೆ?” ಎಂದು ಕೇಳಿದರು. “ನಾನು ಬಂದಾಗಿನಿಂದ ಈ ಮನೆ ಕಿಟಕಿ ತೆಗೆದಿದ್ದೇ ನೋಡಿಲ್ಲ. ಆಚೆ ಕಸದ ಲಾರಿ ಬಂದರೂ ಒಳಗೆ ಗೊತ್ತಾಗಲ್ಲ. ಅಂಥಾದ್ದರಲ್ಲಿ ಮೂವತ್ತೆಂಟು ಜನ ನೋಡಿದರಂತೇನು? ಯಾರು ಹೇಳಿದ್ದು?” ಟೆಕ್ಸ್ಟ್‌ಬುಕ್‌ನಲ್ಲಿದೆ ಅಜ್ಜಿ, ಎಂದಳು ಮಗಳು. “ಅವರಿಗೆ ಯಾರು ಹೇಳಿದರಂತೆ?” ಅಮ್ಮನ ದನಿಯಲ್ಲಿ ಸವಾಲೇನೂ ಇರಲಿಲ್ಲ. ಯಾವುದೋ ಮದುವೆಮನೆಯ ಸುದ್ದಿ ಬಂದರೂ ಅವರು ಕೇಳುವುದು ಹೀಗೆಯೇ. ಆದರೆ ಮಗಳು ಪಠ್ಯಪುಸ್ತಕದ ಕೊನೆಯ ಪುಟಗಳನ್ನು ತಿರುವತೊಡಗಿದಳು, ನನ್ನ ಶನಿವಾರ ಅಲ್ಲಿಗೆ ಮುಗಿಯಿತು.

ಪಠ್ಯಪುಸ್ತಕಕ್ಕೆ ಹೇಳಿದವರು ಯಾರು

ಕೌಂಟಿ ಲೈಬ್ರರಿಯ ಕಾರ್ಡ್ ಒಂದಿದ್ದರೆ ಹಳೆಯ ಪತ್ರಿಕೆಗಳನ್ನೂ ವಿದ್ವತ್ ಲೇಖನಗಳನ್ನೂ ಮನೆಯಲ್ಲೇ ಕುಳಿತು ಓದಬಹುದೆಂಬುದು ಇಷ್ಟು ವರ್ಷ ಇಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಪಠ್ಯಪುಸ್ತಕ ಬೊಟ್ಟು ಮಾಡಿದ್ದು ಎರಡು ಕಡೆಗೆ: ಕೊಲೆ ನಡೆದ ಎರಡು ವಾರಕ್ಕೆ, ಅಂದರೆ 1964ರ ಮಾರ್ಚ್ 27ರಂದು ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಬಂದ ವರದಿ ಮತ್ತು ಆ ವರದಿಯಿಂದ ಪ್ರೇರಿತರಾಗಿ ಜಾನ್ ಡಾರ್ಲಿ ಹಾಗೂ ಬಿಬ್ ಲತಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗ. ವರದಿಯ ಅಚ್ಚಿನ ಪುಟವನ್ನು ಪರದೆಯ ಮೇಲೆ ತೆರೆದಾಗ ಕಂಡ ಮೊದಲ ವಿಚಿತ್ರವೆಂದರೆ, ಶೀರ್ಷಿಕೆಯಲ್ಲಿದ್ದದ್ದು 37 ಜನ, ಒಳಗಿನ ಮೊದಲ ವಾಕ್ಯದಲ್ಲಿದ್ದದ್ದು 38. ಮೂರು ಸಲ ಹಲ್ಲೆ ನಡೆಯಿತೆಂದು ವರದಿ ಹೇಳುತ್ತದೆ, ನಡೆದದ್ದು ಎರಡು ಸಲ. ಮೂವತ್ತೆಂಟು ಎಂಬ ಅಂಕಿ ಪತ್ರಿಕೆಗೆ ಸಿಕ್ಕಿದ್ದು ಬೀದಿಯಲ್ಲಿ ಮನೆಮನೆ ತಿರುಗಿ ಎಣಿಸಿದ್ದರಿಂದ ಅಲ್ಲವೇ ಅಲ್ಲ. ನಗರದ ಪೊಲೀಸ್ ಕಮಿಷನರ್ ಊಟದ ಹೊತ್ತಿನ ಮಾತಿನಲ್ಲಿ ಪತ್ರಿಕೆಯ ಸ್ಥಳೀಯ ಸುದ್ದಿಗಳ ಸಂಪಾದಕ ಎ.ಎಂ. ರೋಸೆಂತಾಲ್ ಅವರಿಗೆ ಹೇಳಿದ ಮಾತು ಅದು. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಪಠ್ಯಪುಸ್ತಕಕ್ಕೆ ಪತ್ರಿಕೆ ಹೇಳಿತು, ಪತ್ರಿಕೆಗೆ ಪೊಲೀಸ್ ಸಾಹೇಬರು ಹೇಳಿದರು.

ಅಲ್ಲಿಂದ ಮುಂದಿನ ದಾರಿ ಸುಲಭವಾಯಿತು. 2007ರಲ್ಲಿ ರೇಚಲ್ ಮ್ಯಾನಿಂಗ್, ಮಾರ್ಕ್ ಲೆವಿನ್ ಮತ್ತು ಆಲನ್ ಕಾಲಿನ್ಸ್ ಎಂಬ ಮೂವರು ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಬರೆದ ಲೇಖನವು ಈ ಕಥೆ ಪಠ್ಯಪುಸ್ತಕಗಳಲ್ಲಿ ಹೇಗೆ ಹರಡಿದೆಯೆಂದು ನೋಡಿ, 38 ಮಂದಿ ಸಾಕ್ಷಿಗಳಿದ್ದರೆಂಬುದಕ್ಕಾಗಲಿ, ಅವರು ಕೊಲೆಯನ್ನು ಕಂಡರೆಂಬುದಕ್ಕಾಗಲಿ, ಕಂಡೂ ಕೈಕಟ್ಟಿ ಕುಳಿತರೆಂಬುದಕ್ಕಾಗಲಿ ಪುರಾವೆಯಿಲ್ಲ ಎಂದು ತೀರ್ಮಾನಿಸಿದೆ. ಒಬ್ಬಾತ ಕಿಟಕಿಯಿಂದ ಗದರಿಸಿ ಕೂಗಿದ್ದರಿಂದಲೇ ಕೊಲೆಗಾರ ಮೊದಲ ಸಲ ಓಡಿಹೋದದ್ದು. ನೆರೆಯ ಹೆಂಗಸೊಬ್ಬರು ಕೆಳಗೆ ಓಡಿಬಂದು, ಸಾಯುತ್ತಿದ್ದ ಕಿಟ್ಟಿಯನ್ನು ತೋಳಲ್ಲಿ ಹಿಡಿದು ಕುಳಿತಿದ್ದರು. ಕಣ್ಣಾರೆ ಕಂಡೂ ತಡಮಾಡಿದವರೂ ಇದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ಅಂದ ಹಾಗೆ, ಈಗ ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಯುವ ಮೊದಲೇ ಬಾಯಿಪಾಠವಾಗುವ 911 ಎಂಬ ತುರ್ತು ಸಂಖ್ಯೆ ನ್ಯೂಯಾರ್ಕಿಗೆ ಬಂದದ್ದೇ 1968ರಲ್ಲಿ. 2016ರಲ್ಲಿ ಕೊಲೆಗಾರ ಸೆರೆಮನೆಯಲ್ಲಿ ತೀರಿಕೊಂಡ ಸುದ್ದಿಯನ್ನು ಬರೆಯುವಾಗ ನ್ಯೂಯಾರ್ಕ್ ಟೈಮ್ಸ್ ತಾನೇ ಹಳೆಯ ವರದಿ ಸಾಕ್ಷಿಗಳ ಸಂಖ್ಯೆಯನ್ನೂ ಅವರು ಕಂಡದ್ದನ್ನೂ ಉತ್ಪ್ರೇಕ್ಷಿಸಿತ್ತೆಂದು ಒಪ್ಪಿಕೊಂಡಿತು. ಐವತ್ತೆರಡು ವರ್ಷಗಳ ನಂತರ! ಮಗಳ ಪಠ್ಯಪುಸ್ತಕದಲ್ಲಿ ಮಾತ್ರ ಆ ಮೂವತ್ತೆಂಟು ಜನ ಇನ್ನೂ ಕಿಟಕಿಯಲ್ಲೇ ನಿಂತಿದ್ದಾರೆ.

ಹಾಗಾದರೆ ನನ್ನ ಟಾಪಿಕ್ಕೇ ಸುಳ್ಳಾ ಎಂದು ಅವಳು ಅಳುಮುಖ ಮಾಡಿದಳು. ಹಾಗೇನೂ ಆಗಲಿಲ್ಲ, ಕಥೆ ಅಲುಗಾಡಿದರೂ ಕಥೆಯಿಂದ ಹುಟ್ಟಿದ ಪ್ರಯೋಗಕ್ಕೆ ತನ್ನದೇ ಕಾಲುಗಳಿದ್ದವು. ಡಾರ್ಲಿ ಮತ್ತು ಲತಾನೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಮ್ ಮೂಲಕ ಉಳಿದವರೊಡನೆ ಕಾಲೇಜು ಬದುಕಿನ ಕಷ್ಟಗಳನ್ನು ಮಾತಾಡಿಕೊಳ್ಳಲು ಹೇಳಿದ್ದರು. ಉಳಿದ ದನಿಗಳೆಲ್ಲ ಮೊದಲೇ ಧ್ವನಿಮುದ್ರಿಸಿಟ್ಟವು. ಮಾತಿನ ನಡುವೆ ಒಂದು ದನಿ ಮೂರ್ಛೆರೋಗಕ್ಕೆ ಸಿಕ್ಕಿದಂತೆ ತೊದಲಿ ಸಹಾಯ ಕೇಳುತ್ತದೆ. ಕೇಳುತ್ತಿರುವವರು ಎದ್ದು ಹೋಗಿ ತಿಳಿಸುತ್ತಾರೆಯೇ, ಎಷ್ಟು ಹೊತ್ತಿಗೆ ತಿಳಿಸುತ್ತಾರೆ ಎಂಬುದೇ ಪರೀಕ್ಷೆ. ಇಲ್ಲಿ ಮಗಳ ಟಿಪ್ಪಣಿಯಲ್ಲಿ ಒಂದು ತೊಡಕು ಕಾಣಿಸಿತು. ಆರು ಜನರ ಗುಂಪಿನಲ್ಲಿದ್ದೇನೆಂದು ನಂಬಿದವರಲ್ಲಿ ಸಹಾಯಕ್ಕೆ ಎದ್ದವರು ಶೇಕಡ 31 ಎಂದು ಒಂದು ಜಾಲತಾಣ ಹೇಳಿದರೆ, ಇನ್ನೊಂದು ಶೇಕಡ 62 ಎನ್ನುತ್ತಿತ್ತು. ಅವಳು ಎರಡರಲ್ಲಿ ‘ಹೆಚ್ಚು ಚೆನ್ನಾಗಿ ಕಾಣುವ’ ತಾಣವನ್ನು ಆರಿಸಿಕೊಳ್ಳುವುದರಲ್ಲಿದ್ದಳು. ಮೂಲ ಲೇಖನದ ಏಳು ಪುಟಗಳನ್ನು ತೆರೆದು ನೋಡಿದರೆ ಎರಡೂ ಸರಿ. ಆ ದನಿ ಅಡಗುವಷ್ಟರಲ್ಲಿ ಎದ್ದವರು, ತಾನೊಬ್ಬನೇ ಕೇಳುತ್ತಿದ್ದೇನೆಂದು ನಂಬಿದವರಲ್ಲಿ ಶೇಕಡ 85, ಮೂವರ ಗುಂಪಿನಲ್ಲಿ 62, ಆರು ಜನರ ಗುಂಪಿನಲ್ಲಿ 31. ಆದರೆ ಕೊಟ್ಟ ಸಮಯ ಪೂರ್ತಿ ಮುಗಿಯುವ ಹೊತ್ತಿಗೆ, ಒಬ್ಬನೇ ಇದ್ದೇನೆಂದುಕೊಂಡವರೆಲ್ಲರೂ ಎದ್ದಿದ್ದರು, ಆರರ ಗುಂಪಿನವರಲ್ಲಿ ಎದ್ದವರು 62. ಒಂದೇ ಅಂಕಿ ಎರಡು ಬೇರೆ ಮಾತುಗಳಿಗೆ ದುಡಿಯುತ್ತಿತ್ತು. ಇದು ಮೂಲವನ್ನು ತೆರೆಯದೆ ಯಾವ ಜಾಣತನದಿಂದಲೂ ಬಿಡಿಸಲಾಗದ ಗಂಟು. ಏಳು ಪುಟ ಓದಲು ಅವಳಿಗೆ ಒಂದು ಗಂಟೆ ಹಿಡಿಯಿತು. ಅದರಲ್ಲಿ ನಲವತ್ತು ನಿಮಿಷ ಗೊಣಗಾಟ.

ಅಂತೆ

ಅಮ್ಮ ತಾನು ಕಾಣದ್ದನ್ನು ‘ಅಂತೆ’ ಇಲ್ಲದೆ ಹೇಳಿದ್ದನ್ನು ನಾನು ಕೇಳಿಲ್ಲ. ಎದುರುಮನೆಯವರು ಕಾರು ಕೊಂಡರಂತೆ, ಕೆ.ಆರ್.ಎಸ್. ತುಂಬಿತಂತೆ, ನಾಳೆ ಹಾಲು ಬರುವುದಿಲ್ಲವಂತೆ. ಈ ಎರಡಕ್ಷರ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು, ಇದು ನಾನು ಕಂಡದ್ದಲ್ಲ, ನನಗೆ ಯಾರೋ ಹೇಳಿದ್ದು, ಸರಿತಪ್ಪಿನ ಹೊಣೆ ಅವರದು ಎಂಬುದನ್ನೆಲ್ಲ ಒಮ್ಮೆಗೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯೇಕ ವಾಕ್ಯವೇ ಬೇಕು. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ದೂರವನ್ನು ನಮ್ಮ ಮಾತು ವ್ಯಾಕರಣದೊಳಗೇ ಇಟ್ಟುಕೊಂಡಿದೆ. ಆ ದೂರ ತೀರ ಹೆಚ್ಚಾದಾಗ ಅಂತೆಕಂತೆ ಎಂದು ನಕ್ಕು ತಳ್ಳಿಹಾಕುವ ಸೌಕರ್ಯವೂ ಇದೆ. ವಿಪರ್ಯಾಸವೆಂದರೆ ಶಾಲೆಯಲ್ಲಿ ನಮಗೆ ಬರವಣಿಗೆ ಕಲಿಸುವಾಗ ಮೊದಲು ಕತ್ತರಿಸುವುದು ಇದನ್ನೇ. ಅಂತೆ ಎಂದು ಬರೆದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಪ್ರಬಂಧ ಖಚಿತವಾಗಿರಬೇಕು, ಹರಟೆಯಾಗಬಾರದು. ಪತ್ರಿಕೆಗಳಲ್ಲಿ ಅದು ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಎಂಬ ವೇಷ ತೊಟ್ಟುಕೊಂಡಿದೆ. ಯಾರು ಅಂದರು, ಯಾರಿಗೆ ತಿಳಿಯಿತು ಎಂಬುದು ಮಾತ್ರ ಆ ವೇಷದೊಳಗೆ ಕಾಣುವುದಿಲ್ಲ.

ಎಪಿಎ ಕ್ರಮದ ಬಗ್ಗೆ ನನಗಿದ್ದ ತಾತ್ಸಾರ ಕರಗಿದ್ದು ಇಲ್ಲಿ. ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಯಾವುದಕ್ಕೆ ಎಂಬುದನ್ನು ಹಿಡಿದು ಮಕ್ಕಳ ಅಂಕ ಕಡಿಯುವುದು ಅದರ ಕೆಲಸವೆಂದು ನಾನು ತಿಳಿದಿದ್ದೆ. 1929ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ನಲ್ಲಿ ಏಳು ಪುಟಗಳ ಸಲಹೆಯಾಗಿ ಹುಟ್ಟಿದ್ದು ಈಗ ನಾನೂರಕ್ಕೂ ಹೆಚ್ಚು ಪುಟಗಳ ಗ್ರಂಥವಾಗಿದೆ, ಆದ್ದರಿಂದ ನನ್ನ ತಾತ್ಸಾರ ತೀರ ಅಕಾರಣವೇನೂ ಆಗಿರಲಿಲ್ಲ. ಆದರೆ ಅದರಲ್ಲೊಂದು ನಿಯಮವಿದೆ: ಒಬ್ಬರ ಮಾತನ್ನು ನೀವು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ, ಮೂಲದವರ ಹೆಸರನ್ನು ಹೇಳಿ, ಅದು ಇಂಥವರ ಪುಸ್ತಕದಲ್ಲಿ ಉಲ್ಲೇಖಗೊಂಡಂತೆ ಎಂದು ಸೇರಿಸಬೇಕು, ಕೊನೆಯ ಪಟ್ಟಿಯಲ್ಲಿ ನೀವು ನಿಜವಾಗಿ ಓದಿದ ಪುಸ್ತಕ ಮಾತ್ರ ಇರಬೇಕು. ಮಗಳಿಗೆ ಇದು ಎಷ್ಟು ಹೇಳಿದರೂ ಹತ್ತಲಿಲ್ಲ. ಲೇಖನದ ವಿವರ ಹೇಗೂ ಸಿಕ್ಕಿದೆಯಲ್ಲ, ಪಟ್ಟಿಗೆ ಹಾಕಿದರೆ ಒಂದು ಆಕರ ಹೆಚ್ಚಾಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂಬುದು ಅವಳ ವಾದ. ಕೊನೆಗೆ, “ಪುಟ್ಟಿ, ಅದು ನಿಮ್ಮ ಅಜ್ಜಿಯ ಅಂತೆ” ಎಂದೆ. ಅವಳು ಒಂದು ಕ್ಷಣ ಯೋಚಿಸಿ, ಓ, ಎಂದಳು. ಹದಿನಾರು ವರ್ಷ ಅವಳಿಗೆ ಕನ್ನಡ ಕಲಿಸಲು ನಾನು ಪಟ್ಟ ಪಾಡು ಆ ಒಂದು ‘ಓ’ದಲ್ಲಿ ತುಸು ವಸೂಲಾಯಿತು.

ಕನ್ನಡದಲ್ಲಿ ಆಕರಗಳ ಪಟ್ಟಿಗೆ ‘ಗ್ರಂಥಋಣ’ ಎಂಬ ಹೆಸರಿದೆ. ಓದದ ಪುಸ್ತಕವನ್ನು ಅಲ್ಲಿ ಸೇರಿಸುವುದೆಂದರೆ ಪಡೆಯದ ಸಾಲವನ್ನು ಲೆಕ್ಕಕ್ಕೆ ಬರೆದುಕೊಂಡು ದೊಡ್ಡ ಕುಳವೆಂದು ಮೆರೆದ ಹಾಗೆ. ಹೀಗೆ ಮೆರೆದವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ಪಿಯುಸಿ ಓದುವಾಗ ಅಂತರಕಾಲೇಜು ಪ್ರಬಂಧ ಸ್ಪರ್ಧೆಯೊಂದರಲ್ಲಿ ಯುವಜನತೆಯ ಮನಸ್ಸನ್ನು ಕುರಿತು ಬರೆಯುತ್ತ, ಮೂರನೆಯ ಪುಟದಲ್ಲಿ ಸರಕು ಮುಗಿದುಹೋಗಿ, ‘ಖ್ಯಾತ ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರೊಬ್ಬರು ಹೇಳಿರುವಂತೆ’ ಎಂದು ಆರಂಭಿಸಿ ನಾಲ್ಕು ಸಾಲಿನ ಗಂಭೀರವಾದ ಹೇಳಿಕೆಯೊಂದನ್ನು ಅಲ್ಲೇ ಹೊಸೆದಿದ್ದೆ. ಉದ್ಧರಣ ಚಿಹ್ನೆಗಳನ್ನೂ ಮರೆತಿರಲಿಲ್ಲ. ಎರಡನೆಯ ಬಹುಮಾನ ಬಂತು. ಸಮಾರಂಭದಲ್ಲಿ ಅತಿಥಿಗಳು ನನ್ನ ಪ್ರಬಂಧದಿಂದ ಓದಿ ಮೆಚ್ಚಿದ್ದೂ ಆ ನಾಲ್ಕು ಸಾಲುಗಳನ್ನೇ. ಸ್ಟೀಲಿನ ತಟ್ಟೆ ಹಿಡಿದುಕೊಂಡು ವೇದಿಕೆಯಿಂದ ಇಳಿಯುವಾಗ ನನಗಾದದ್ದು ನಾಚಿಕೆ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಆದದ್ದು ಹೆಮ್ಮೆ. ಆ ತಟ್ಟೆಯಲ್ಲಿ ಅಮ್ಮ ಈಗಲೂ ಮೈಸೂರಿನ ಮನೆಯಲ್ಲಿ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚುತ್ತಾರೆ.

ಮೈಸೂರೆಂದಾಗ ಇನ್ನೊಂದು ಮಾತು. 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆ ಹೆಸರನ್ನು ಇಟ್ಟವರು ಅವರೇ ಎಂದು ನಾನು ಮಗಳಿಗೆ ಬೀಗುತ್ತ ಹೇಳಿದೆ. ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುವವರೂ ಇದ್ದಾರೆಂಬುದು ನನಗೆ ಗೊತ್ತಿತ್ತು. ಬೀಗುವ ಭರದಲ್ಲಿ ಅಂತೆಯನ್ನು ನುಂಗಿಬಿಟ್ಟಿದ್ದೆ. ಎರಡನೆಯದನ್ನೂ ಹೇಳಿದ ಮೇಲೆ, ನಿನ್ನ ಸೋರ್ಸ್ ಯಾವುದಪ್ಪ ಎಂಬ ಪ್ರಶ್ನೆ ಬಂದೇಬಂತು.

ಇಲ್ಲದ ಲೇಖನ

ಕರಡಿನ ಆರು ಆಕರಗಳಲ್ಲಿ ಒಂದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಲೇಖಕರಿಬ್ಬರೂ ಈ ಕ್ಷೇತ್ರದಲ್ಲಿ ನಿಜವಾಗಿ ಕೆಲಸ ಮಾಡಿದವರು, ಪತ್ರಿಕೆಯೂ ನಿಜವಾದದ್ದು, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವೂ ಶಿಸ್ತಾಗಿದ್ದವು. ಆದರೆ ಆ ಸಂಪುಟದ ಆ ಪುಟಗಳಲ್ಲಿದ್ದದ್ದು ಬೇರೆ ಯಾರದೋ ಬೇರಾವುದೋ ಲೇಖನ. ಎಲ್ಲಿಂದ ತಂದೆ ಎಂದು ಕೇಳಿದಾಗ ಅವಳು ಕಣ್ಣು ತಪ್ಪಿಸಿ, ಚಾಟ್‌ಬಾಟ್ ಕೊಟ್ಟಿತು ಎಂದಳು. ನನಗೆ ಗದರಿಸುವ ನೈತಿಕ ಹಕ್ಕು ಎಲ್ಲಿತ್ತು? ಯಂತ್ರ ಮಾಡಿದ್ದು ನಾನು ಪಿಯುಸಿಯಲ್ಲಿ ಮಾಡಿದ್ದನ್ನೇ: ಉಲ್ಲೇಖ ಹೇಗಿರುತ್ತದೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು, ಉಲ್ಲೇಖಿಸಲು ಏನೂ ಇರಲಿಲ್ಲ. ನಾನು ಕನಿಷ್ಠ ಹೆಸರು ಹಾಕುವ ಧೈರ್ಯ ಮಾಡದೆ ‘ಒಬ್ಬರು’ ಎಂದಿದ್ದೆ.

ಯಂತ್ರವನ್ನು ಬೈದು ಮುಗಿಸುವ ಮೊದಲು ಮನುಷ್ಯರ ಲೆಕ್ಕವನ್ನೂ ನೋಡಬೇಕು. ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಚತುರ ಕೆಲಸ ಮಾಡಿದರು. ಭೌತಶಾಸ್ತ್ರದ ಪ್ರಸಿದ್ಧ ಲೇಖನವೊಂದನ್ನು ಉಲ್ಲೇಖಿಸಿದ ಸಾವಿರಾರು ಲೇಖನಗಳನ್ನು ತೆಗೆದುಕೊಂಡು, ಉಲ್ಲೇಖದಲ್ಲಿ ಎಲ್ಲಿ ತಪ್ಪು ಅಚ್ಚಾಗಿದೆ ಎಂದು ಹುಡುಕಿದರು. 196 ಕಡೆ ತಪ್ಪುಗಳಿದ್ದವು, ಆದರೆ ಅವುಗಳಲ್ಲಿ ಬೇರೆ ಬೇರೆ ಬಗೆಯ ತಪ್ಪುಗಳು 45 ಮಾತ್ರ. ಒಂದೇ ತಪ್ಪು ಪುಟಸಂಖ್ಯೆ 78 ಸಲ ಮರುಕಳಿಸಿತ್ತು. ಎಪ್ಪತ್ತೆಂಟು ಜನ ಸ್ವತಂತ್ರವಾಗಿ ಒಂದೇ ತಪ್ಪು ಮಾಡುವುದು ಹೇಗೆ? ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ನಕಲು ಇಳಿಸಿದ್ದರು. ಇದರ ಆಧಾರದ ಮೇಲೆ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಐವರಲ್ಲಿ ಒಬ್ಬರು ಎಂದು ಅವರು ಅಂದಾಜಿಸಿದರು. ಅಂದಾಜು ತುಸು ಕಟುವಾಯಿತೆಂದು ನನಗನ್ನಿಸುತ್ತದೆ, ಏಕೆಂದರೆ ಲೇಖನವನ್ನು ಓದಿದವರೂ ಸೋಮಾರಿತನದಿಂದ ವಿಳಾಸವನ್ನಷ್ಟೇ ನಕಲು ಮಾಡಿರಬಹುದು. ಆದರೆ ವಿಧಾನ ನಮಗೆ ಹೊಸದಲ್ಲ. ಎರಡು ತಾಳೆಗರಿಗಳಲ್ಲಿ ಒಂದೇ ಕಡೆ ಒಂದೇ ಅಕ್ಷರ ಬಿಟ್ಟುಹೋಗಿದ್ದರೆ ಒಂದು ಇನ್ನೊಂದರ ಪ್ರತಿ, ಅಥವಾ ಎರಡಕ್ಕೂ ಒಂದೇ ಮಾತೃಕೆ ಎಂದು ಕನ್ನಡದ ಗ್ರಂಥಸಂಪಾದಕರು ಇದೇ ತರ್ಕದಿಂದ ಕಾವ್ಯಗಳ ವಂಶವೃಕ್ಷ ಬರೆದವರು. ವಂಶವನ್ನು ಪತ್ತೆ ಮಾಡಿಕೊಡುವುದು ತಪ್ಪುಗಳೇ. ಮೂವತ್ತೆಂಟು ಕೂಡ ಅಂಥ ಒಂದು ಲಿಪಿಕಾರನ ಸ್ಖಾಲಿತ್ಯ. ಅದನ್ನು ಹೊತ್ತ ಪಠ್ಯಪುಸ್ತಕಗಳೆಲ್ಲ ಒಂದೇ ವಂಶದವು.

ಆಸ್ಟಿನ್ ಸ್ಟ್ರೀಟ್

ಏಪ್ರಿಲಿನ ಒಂದು ಭಾನುವಾರ ಅಮ್ಮನನ್ನು ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ದರ್ಶನವಾಗಿ, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿಂದು ಏಳುವಾಗ ಮಗಳು ಫೋನಿನಲ್ಲಿ ನಕ್ಷೆ ತೋರಿಸಿ, ಕ್ಯೂ ಗಾರ್ಡನ್ಸ್ ಇಲ್ಲೇ ಹತ್ತಿರ, ಹೋಗೋಣವಾ ಎಂದಳು. ಕೊಲೆ ನಡೆದ ಜಾಗ ನೋಡಲು ದೇವಸ್ಥಾನದಿಂದ ಹೊರಡುವುದು ಅಮ್ಮನಿಗೆ ಸರಿಬರಲಿಲ್ಲವಾದರೂ ಕಾರಿನಲ್ಲಿ ಒಬ್ಬರೇ ಕೂರುವುದಿಲ್ಲವೆಂದು ನಮ್ಮೊಡನೆ ಇಳಿದರು.

ರೈಲು ನಿಲ್ದಾಣದ ಪಕ್ಕದ ಸಣ್ಣ, ಅಚ್ಚುಕಟ್ಟಾದ ಬೀದಿ. ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ಎರಡಂತಸ್ತಿನ ಹಳೆಯ ಕಟ್ಟಡ. ಎದುರಿಗೆ ಎತ್ತರದ ಅಪಾರ್ಟ್‌ಮೆಂಟು. ಮೊದಲ ಹಲ್ಲೆ ನಡೆದದ್ದು ಬೀದಿಯ ಬದಿಯಲ್ಲಿ, ಎದುರಿನ ಕಿಟಕಿಗಳಿಗೆ ಕಾಣುವಂತೆ. ಕೂಗು ಕೇಳಿ ಆತ ಓಡಿಹೋದ ಮೇಲೆ ಕಿಟ್ಟಿ ಕಟ್ಟಡವನ್ನು ಬಳಸಿಕೊಂಡು ಹಿಂಬದಿಗೆ ನಡೆದಳು, ಏಕೆಂದರೆ ಮೇಲಿನ ಮನೆಗಳ ಬಾಗಿಲುಗಳಿರುವುದು ರೈಲುಹಳಿಯ ಕಡೆಗೆ. ಅವನು ಮರಳಿ ಬಂದು ಅವಳನ್ನು ಕಂಡದ್ದು ಅಲ್ಲಿನ ಒಂದು ಬಾಗಿಲೊಳಗಿನ ಮೆಟ್ಟಿಲ ಬುಡದಲ್ಲಿ. ಮಗಳು ಬೀದಿಯಲ್ಲಿ ನಿಂತು ಎದುರಿನ ಕಿಟಕಿಗಳನ್ನು ನೋಡಿದಳು, ಕಟ್ಟಡ ಬಳಸಿ ಹಿಂದಕ್ಕೆ ಹೋದಳು, ಮತ್ತೆ ಬಂದಳು. ಎದುರಿನ ಅಪಾರ್ಟ್‌ಮೆಂಟಿನ ಯಾವ ಕಿಟಕಿಯಿಂದಲೂ ಹಿಂಬದಿ ಕಾಣುವಂತಿರಲಿಲ್ಲ. ಅರ್ಧ ಗಂಟೆಯ ಉದ್ದಕ್ಕೂ ಮೂವತ್ತೆಂಟು ಜನ ನೋಡಿದರೆಂಬ ವಾಕ್ಯ ನಿಲ್ಲಲು ಆ ಬೀದಿಯಲ್ಲಿ ಜಾಗವೇ ಇರಲಿಲ್ಲ. ಲೇಖನಗಳಲ್ಲಿ ಇದನ್ನು ಓದಿಯೇ ಬಂದಿದ್ದೆವು. ಆದರೂ ಅಲ್ಲಿ ನಿಂತಾಗ ನಮ್ಮ ಮಾತಿನ ಬಾಲದಿಂದ ಅಂತೆ ತಾನಾಗಿ ಉದುರಿತು. ಅಮ್ಮ ಹಿಂಬದಿಗೆ ಬರಲಿಲ್ಲ. ಅಂಗಡಿಯೊಂದರ ಮುಂದೆ ನಿಂತು, ಆ ಹುಡುಗಿಯ ತಾಯಿ ಇದ್ದರೇನೋ ಎಂದು ಕೇಳಿದರು. ಇದ್ದರು, ಎಂದೆ.

ಕೊನೆಯ ಪ್ರತಿಯಲ್ಲಿ ಮಗಳು ಆ ಮೊದಲ ವಾಕ್ಯವನ್ನು ಅಳಿಸಲಿಲ್ಲ. 38 ಮಂದಿ ನೋಡಿದರೆಂದು 1964ರಲ್ಲಿ ಪತ್ರಿಕೆಯೊಂದು ಬರೆಯಿತು ಎಂದು ತಿದ್ದಿ, ಅದು ಪಠ್ಯಪುಸ್ತಕಕ್ಕೆ ಬಂದ ದಾರಿಯನ್ನೇ ಪ್ರಬಂಧದ ಅರ್ಧ ಭಾಗವಾಗಿಸಿದಳು. ಉಳಿದರ್ಧದಲ್ಲಿ ಆ ಏಳು ಪುಟಗಳ ಪ್ರಯೋಗ, ಜೊತೆಗೆ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ಸೆರೆಯಾದ 219 ಜಗಳಗಳನ್ನು ನೋಡಿ, ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದೇ ಬಂದರೆಂದು ತೋರಿಸಿದ ಇತ್ತೀಚಿನ ಅಧ್ಯಯನ. ಜನ ಹೆಚ್ಚಿದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಹೆಚ್ಚೇ ಇತ್ತು ಎಂಬುದನ್ನು ಹಳೆಯ ಪ್ರಯೋಗದ ಪಕ್ಕದಲ್ಲಿಟ್ಟು, ಒಬ್ಬೊಬ್ಬರ ಸಾಧ್ಯತೆ ಬೇರೆ, ಗುಂಪಿನಲ್ಲಿ ಯಾರಾದರೊಬ್ಬರ ಸಾಧ್ಯತೆ ಬೇರೆ ಎಂದು ಅವಳು ಬಿಡಿಸಿ ಬರೆದಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಒಪ್ಪಿಸುವ ಹಿಂದಿನ ರಾತ್ರಿ ಇನ್ನೊಂದು ಸಮಸ್ಯೆ ಎದುರಾಯಿತು. ಕಿಟಕಿ ಮುಚ್ಚಿರುವುದಿಲ್ಲವೇ ಎಂಬ ಪ್ರಶ್ನೆಯನ್ನು ಅವಳು ಪ್ರಬಂಧದಲ್ಲಿ ಬಳಸಿಕೊಂಡಿದ್ದಳು, ಅದು ತನ್ನದಲ್ಲವಾದ್ದರಿಂದ ಅಜ್ಜಿಯನ್ನು ಉಲ್ಲೇಖಿಸಬೇಕಿತ್ತು. ಎಪಿಎ ಇದಕ್ಕೂ ದಾರಿ ಇಟ್ಟಿದೆ: ಹೆಸರಿನ ಮೊದಲ ಅಕ್ಷರ, ಕುಲನಾಮ, ವೈಯಕ್ತಿಕ ಸಂವಹನ, ದಿನಾಂಕ. ಅಜ್ಜಿಯ ಲಾಸ್ಟ್ ನೇಮ್ ಏನು ಎಂದು ಕೇಳಿದಳು. ಅಮ್ಮನಿಗೆ ಇರುವುದು ಒಂದೇ ಹೆಸರು. ಪಾಸ್‌ಪೋರ್ಟಿನಲ್ಲೂ ಅಷ್ಟೇ ಇರುವುದರಿಂದ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ಅಚ್ಚಾಗಿದೆ. ಆ ಪ್ರಕಾರ ನನ್ನ ಅಮ್ಮನ ಇನಿಷಿಯಲ್ ಎಫ್ ಆಗಬೇಕು. ನಾವಿಬ್ಬರೂ ನಗುವುದನ್ನು ಕಂಡು ಅಮ್ಮ ಏನೆಂದು ವಿಚಾರಿಸಿದರು. ವಿವರಿಸಿದಾಗ, ನನ್ನ ಹೆಸರು ಕೊನೆಯ ಪಟ್ಟಿಯಲ್ಲಿ ಬರುತ್ತದಾ ಎಂದು ಕೇಳಿದರು. ಇಲ್ಲ ಅಜ್ಜಿ, ಓದುವವರು ಹುಡುಕಿ ನೋಡಲು ಆಗದ್ದು ಪಟ್ಟಿಯಲ್ಲಿ ಬರಲ್ಲ, ಒಳಗೆ ಮಾತ್ರ ಬರುತ್ತದೆ, ಎಂದಳು ಮಗಳು. “ಬೇಕಾದರೆ ಫೋನ್ ಮಾಡಲಿ, ನಂಬರ್ ಕೊಡು” ಎಂದು ಹೇಳಿ ಅಮ್ಮ ದೀಪ ಆರಿಸಿ ಮಲಗಲು ಹೋದರು.